ಡ್ರೈವ್ ಕೆಟ್ಟಿರಲಿಲ್ಲ, ಅಪ್ಪಣೆ ಇರಲಿಲ್ಲ!

ವಿಜ್ಞಾನ ವಸ್ತುಪ್ರದರ್ಶನದ ಚಿತ್ರಗಳನ್ನು ಡಿ.ವಿ.ಡಿ.ಗೆ ಬರೆಯಬೇಕಾಗಿತ್ತು. ಬರೆಯುವ ಡ್ರೈವ್ ಇದ್ದುದು ನಮ್ಮ ಶಾಲೆಯ ಒಂದೇ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ. ಹತ್ತನೇ ತರಗತಿಯ ಹುಡುಗನೊಬ್ಬ ಪಕ್ಕದ ಕಂಪ್ಯೂಟರಿನಿಂದ ಜಾಲದ ಮೂಲಕ ಅದರೊಳಗೆ ಹೋಗಿ ಆಜ್ಞೆ ಕೊಟ್ಟ. 'ಪರ್ಮಿಷನ್ ಡಿನೈಡ್' ಎಂಬ ಉತ್ತರ ಬಂತು. ಡಿಸ್ಕ್ ಬದಲಿಸಿದೆ, ಕೇಬಲ್ ಬಿಚ್ಚಿ ಹಾಕಿದೆ. ಫಲವಿಲ್ಲ. "ನೀನೇ ಏನೋ ಮಾಡಿ ಕೆಡಿಸಿದ್ದೀಯ" ಎಂದು ಗದರಿಬಿಟ್ಟೆ. ಮರುದಿನ ಅವನ ತಂದೆ ಬಂದು, "ಹೊಸ ಡ್ರೈವಿಗೆ ಎಷ್ಟಾಗುತ್ತದೆ ಸಾರ್?" ಎಂದಾಗ ನಾಚಿಕೆಯಾಯಿತು. ಪರೀಕ್ಷಿಸದೆ ತೀರ್ಪು ಕೊಟ್ಟಿದ್ದೆನಲ್ಲ!

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಯೂನಿಕ್ಸ್ ವ್ಯವಸ್ಥೆಗೆ ಅಡಿಪಾಯ ಹಾಕಿದರು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲ ಅದು. ಅಲ್ಲಿ ಉಪಕರಣವೂ ಒಂದು ಕಡತದಂತೆಯೇ ಕಾಣಿಸುತ್ತದೆ. 1991ರಲ್ಲಿ ಹುಟ್ಟಿದ ಲಿನಕ್ಸ್ ಕೂಡ ಅದೇ ಜಾಡಿನದು. ಅದರಲ್ಲಿ ಸಾಮಾನ್ಯವಾಗಿ '/ಡೆವ್/ಎಸ್‌ಆರ್0' ಎಂಬ ಕಡತವೇ ಮೊದಲ ಡಿಸ್ಕ್ ಡ್ರೈವ್!

ಕಡತವೆಂದ ಮೇಲೆ ಅದಕ್ಕೆ ಅನುಮತಿಯೂ ಉಂಟು. ಪ್ರಯೋಗಾಲಯದ ಆಮ್ಲದ ಬೀರುವನ್ನು ನೆನಪಿಸಿಕೊಳ್ಳಿ. ಅದರ ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ ಇರುತ್ತದೆ, ವಿಜ್ಞಾನ ಶಿಕ್ಷಕರ ಬಳಿ ಇರುತ್ತದೆ. ಉಳಿದವರ ಬಳಿ ಇಲ್ಲ. ಹಾಗೆಯೇ ಇಲ್ಲೂ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗ. ಓದಲು 4, ಬರೆಯಲು 2, ನಡೆಸಲು 1 ಅಂಕ. 660 ಎಂದರೆ ಒಡೆಯ ಮತ್ತು ಗುಂಪಿನವರು ಓದಿ ಬರೆಯಬಹುದು (4+2), ಇತರರಿಗೆ ಸೊನ್ನೆ.

'ಎಲ್‌ಎಸ್ -ಎಲ್ /ಡೆವ್/ಎಸ್‌ಆರ್0' ಎಂಬ ಆಜ್ಞೆ ಡ್ರೈವಿನ ಗುಂಪನ್ನು ತೋರಿಸುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಅದು 'ಸಿಡಿರಾಮ್', ಆರ್ಚ್‌ನಲ್ಲಿ 'ಆಪ್ಟಿಕಲ್'. 'ಐಡಿ' ಎಂಬ ಆಜ್ಞೆ ನಾವು ಯಾವ ಗುಂಪುಗಳಲ್ಲಿದ್ದೇವೆಂದು ಹೇಳುತ್ತದೆ. ಹುಡುಗ 'ಸಿಡಿರಾಮ್' ಗುಂಪಿನಲ್ಲಿ ಇರಲಿಲ್ಲ. ಇಂದಿನ ಹಲವು ಲಿನಕ್ಸ್‌ಗಳು ಯಂತ್ರದ ಮುಂದೆಯೇ ಕುಳಿತವರಿಗೆ ತಾತ್ಕಾಲಿಕ ಅನುಮತಿ ಕೊಡುತ್ತವೆ. ಜಾಲದಿಂದ ಬಂದವರಿಗೆ ಅದು ಸಿಗುವುದಿಲ್ಲ. ಗುಟ್ಟು ಇಷ್ಟೇ.

ಅನುಮತಿಯನ್ನು 666 ಮಾಡಿ ಎಲ್ಲರಿಗೂ ತೆರೆದುಬಿಡಬಹುದಲ್ಲ ಎಂದೀರಿ. ಅದು ಬೀರುವಿನ ಬೀಗವನ್ನೇ ಒಡೆದಂತೆ. ಅಲ್ಲದೆ ಯಂತ್ರ ಪ್ರತಿಸಲ ಆರಂಭವಾಗುವಾಗ ಈ ಕಡತ ಹೊಸದಾಗಿ ಸೃಷ್ಟಿಯಾಗುವುದರಿಂದ ಆ ಬದಲಾವಣೆ ಉಳಿಯುವುದೂ ಇಲ್ಲ. ಹುಡುಗನನ್ನು ಗುಂಪಿಗೆ ಸೇರಿಸುವುದೇ ಸರಿಯಾದ ದಾರಿ: 'ಸುಡೋ ಯೂಸರ್‌ಮಾಡ್ -ಎಜಿ ಸಿಡಿರಾಮ್', ಮುಂದೆ ಅವನ ಖಾತೆಯ ಹೆಸರು. ಆಜ್ಞೆಯನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಬರೆಯಬೇಕು. '-ಎಜಿ'ಯ 'ಜಿ' ಮಾತ್ರ ದೊಡ್ಡಕ್ಷರ.

ಅವಸರದಲ್ಲಿ ನಾನು 'ಎ' ಅಕ್ಷರವನ್ನೇ ಬಿಟ್ಟೆ. 'ಎ' ಇದ್ದರೆ ಹಳೆಯ ಗುಂಪುಗಳ ಜೊತೆಗೆ ಹೊಸದು ಸೇರುತ್ತದೆ. ಇಲ್ಲದಿದ್ದರೆ ಹಳೆಯ ಹೆಚ್ಚುವರಿ ಗುಂಪುಗಳು ಹೋಗಿಬಿಡುತ್ತವೆ. ಡ್ರೈವೇನೋ ತೆರೆಯಿತು, ಚಿತ್ರಗಳಿದ್ದ ಕೋಶ ಮುಚ್ಚಿಕೊಂಡಿತು! ಅದನ್ನು ಹಂಚಿಕೊಳ್ಳಲು ನಾನೇ ಮಾಡಿದ್ದ ಗುಂಪಿನಿಂದ ಹುಡುಗ ಹೊರಬಿದ್ದಿದ್ದ. ಎರಡೂ ಗುಂಪಿಗೆ ಸೇರಿಸಿ, ಅವನು ಲಾಗ್ಔಟ್ ಆಗಿ ಮತ್ತೆ ಒಳಬಂದ ಮೇಲೆ ಡಿ.ವಿ.ಡಿ. ಸಿದ್ಧವಾಯಿತು. ಹೊಸ ಗುಂಪು ಜಾರಿಗೆ ಬರಲು ಹೀಗೆ ಮರುಪ್ರವೇಶ ಅಗತ್ಯ.

ಮೊದಲ ಪ್ರತಿಯನ್ನು ಅವನ ತಂದೆಯ ಕೈಗೇ ಕೊಟ್ಟು, "ತಪ್ಪು ನನ್ನದು" ಎಂದೆ. ವಿದ್ಯಾರ್ಥಿಗಳೇ, ಕಂಪ್ಯೂಟರ್ ಕೊಡುವ ದೋಷದ ಸಂದೇಶವನ್ನು ಮೊದಲು ಪೂರ್ತಿ ಓದಿ. ಪೋಷಕರೇ, ಮಕ್ಕಳು ಅದನ್ನು ಓದಿ ಮುಗಿಸುವವರೆಗೆ ದಯವಿಟ್ಟು ಗದರಬೇಡಿ.