ಹಳ್ಳಿಯ ಜಗಲಿಗೆ ಬಂದ ಧಾರಣೆ

ಮಂಡಿಗೆ ಗಾಡಿ ಹೊಡೆದ ಮೇಲೆ ಧಾರಣೆಯನ್ನು ತಿಳಿಯುವ ರೈತನು, ಮಾಲನ್ನು ಹಿಂದಕ್ಕೆ ತರುವ ಖರ್ಚಿಗೆ ಅಂಜಿ, ಸಿಕ್ಕಿದ ಬೆಲೆಗೇ ಮಾರಿಬಿಡುವನು. ಇದನ್ನರಿತ ಐ.ಟಿ.ಸಿ. ಕಂಪೆನಿಯವರು 2000ನೆಯ ಇಸವಿಯ ಜೂನ್ ತಿಂಗಳಲ್ಲಿ ಮಧ್ಯಪ್ರದೇಶದ ಸೋಯಾ ಅವರೆ ಬೆಳೆಗಾರರಿಗಾಗಿ 'ಇ-ಚೌಪಾಲ್' ಎಂಬ ಅಂತರ್ಜಾಲದ ಏರ್ಪಾಡನ್ನು ಪ್ರಾರಂಭಿಸಿದರು. ಊರವರು ನಂಬುವ ರೈತನೊಬ್ಬನ ಮನೆಯಲ್ಲಿ ಗಣಕಯಂತ್ರವನ್ನಿರಿಸಿ, ಅವನನ್ನು 'ಸಂಚಾಲಕ'ನೆಂದು ನೇಮಿಸಿದರು. ಕಂಪೆನಿಯ ಬೆಲೆ, ಮಂಡಿಗಳ ಧಾರಣೆ, ಹವೆಯ ಮುನ್ಸೂಚನೆ, ಸಾಗುವಳಿಯ ಕ್ರಮ, ಇವೆಲ್ಲವೂ ಹಿಂದಿಯಲ್ಲಿಯೇ ದೊರೆತುವು. ರೈತನು ಕಾಳಿನ ಮಾದರಿಯನ್ನು ತೋರಿಸಿ ಬೆಲೆಯನ್ನು ಕೇಳಿ, ಒಪ್ಪಿದರೆ ಕಂಪೆನಿಯ ಕೇಂದ್ರಕ್ಕೂ, ಒಪ್ಪದಿದ್ದರೆ ಮಂಡಿಗೂ ಹೋಗಬಹುದಾಗಿತ್ತು. ಕಂಪೆನಿಗೂ ದಲ್ಲಾಳಿಯ ಖರ್ಚು ಉಳಿದು, ಮಾಲಿನ ಗುಣವು ಮೊದಲೇ ತಿಳಿಯುತ್ತಿದ್ದಿತು.

ಆದರೆ ಕೊಳ್ಳುವವನೇ ಬೆಲೆಯನ್ನು ಸಾರುವಾಗ ಅದನ್ನು ಮಂಡಿಯ ಧಾರಣೆಯೊಡನೆ ಹೋಲಿಸಿ ನೋಡುವುದು ಲೇಸು. ಓದುಬಾರದ ನೆರೆಯವರಿಗೆ ಈ ಹೋಲಿಕೆಯನ್ನು ತಿಳಿಯಪಡಿಸುವುದು ಗ್ರಾಮದ ಮುಖಂಡರ ಕರ್ತವ್ಯವಾಗಿದೆ.