ನೊಣವನ್ನು ಓದಿದರೂ ಶಿಷ್ಯವೇತನ!

ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋದಾಗಲೆಲ್ಲ ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳುವುದು ನನ್ನ ರೂಢಿ. ಈಚೆಗೆ ಹಣ್ಣಿನ ಬಂಡಿಯ ಮುಂದೆ ನಿಂತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಸಿಕ್ಕರು. ಮಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾನೆ. ‘ಸರ್, ಹುಡುಗ ಮಿದುಳು, ರೋಬೋಟ್ ಅಂತ ಏನೋ ಸಂಶೋಧನಾ ಮಾಡ್ತೀನಿ ಅಂತಾನ್ರಿ. ಇನ್ನೂ ಏಳೆಂಟು ವರ್ಷ ಫೀಸ್ ಕಟ್ಟೋದು ನಮ್ಮಿಂದ ಆಗ್ತದೇನ್ರಿ?’ ಎಂದರು.

‘ಪಿಎಚ್.ಡಿ. ಫೀಸಿನ ಚಿಂತಿ ಬಿಡ್ರಿ. ಪರೀಕ್ಷಾ ಪಾಸಾದ್ರ ಅವನಿಗೇ ತಿಂಗಳಾ ರೊಕ್ಕ ಕೊಡ್ತಾರ’ ಎಂದೆ. ಅವರು ನಂಬಲಿಲ್ಲ. ಮಿದುಳು ಓದಿದವರಿಗೆ ಯಾರು ಹಣ ಕೊಡುತ್ತಾರೆ, ಏಕೆ ಕೊಡುತ್ತಾರೆ? ಉತ್ತರ ಹೇಳಲು ಹಣ್ಣಿನ ಮೇಲೆ ಹಾರಾಡುತ್ತಿದ್ದ ಸಣ್ಣ ನೊಣಗಳೇ ಸಾಕಾದವು.

ನೊಣದ ತಲೆಯಲ್ಲಿ ಏನಿದೆ?

ಕಳಿತ ಹಣ್ಣಿಗೆ ಮುತ್ತುವ ಈ ನೊಣಗಳ ಪೈಕಿ ಡ್ರೊಸೊಫಿಲಾ ಎಂಬುದು ಜೀವವಿಜ್ಞಾನಿಗಳ ಬಹುಕಾಲದ ಸಂಗಾತಿ. ಅದರ ಮಿದುಳು ಗಸಗಸೆ ಕಾಳಿಗಿಂತಲೂ ಚಿಕ್ಕದು. ಆದರೂ ವಾಸನೆ ಹಿಡಿದು ಹಣ್ಣನ್ನು ಹುಡುಕುತ್ತದೆ. ಕೈ ಬೀಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ದಿಕ್ಕು ಬದಲಿಸುತ್ತದೆ. 2024ರ ಅಕ್ಟೋಬರ್‌ನಲ್ಲಿ ವಿಜ್ಞಾನಿಗಳು ಈ ನೊಣದ ಇಡೀ ಮಿದುಳಿನ ನಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಸುಮಾರು 1,39,000 ನರಕೋಶಗಳು, ಅವುಗಳ ನಡುವೆ 5 ಕೋಟಿಯಷ್ಟು ಸಂಪರ್ಕಗಳಿವೆ. ಮನುಷ್ಯನ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ!

ನಕ್ಷೆ ಸಿಕ್ಕರೆ ಸಾಲದು, ಅದು ಕೆಲಸ ಮಾಡುವ ಬಗೆ ತಿಳಿಯಬೇಕು. ನರಕೋಶಗಳ ವರ್ತನೆಯನ್ನು ಗಣಿತದ ಸಮೀಕರಣಗಳಾಗಿ ಬರೆದು, ಕಂಪ್ಯೂಟರಿನಲ್ಲಿ ನಡೆಸಿ ನೋಡುವುದೇ ಗಣಕೀಯ ನರವಿಜ್ಞಾನ. ಜೀವಿಗಳಿಂದ ಕಲಿತ ಉಪಾಯವನ್ನು ಯಂತ್ರಕ್ಕೆ ಅಳವಡಿಸುವುದು ಜೈವಿಕ ಪ್ರೇರಿತ ರೋಬೋಟಿಕ್ಸ್. ನೊಣಕ್ಕೆ ಇರುವುದು ಎರಡೇ ರೆಕ್ಕೆ. ಅವುಗಳ ಹಿಂದೆ ಗುಂಡುಸೂಜಿಯಂಥ ಎರಡು ಪುಟ್ಟ ಅಂಗಗಳಿವೆ, ಹೆಸರು ಹಾಲ್ಟಿಯರ್. ಹಾರುವಾಗ ಮೈ ಎತ್ತ ತಿರುಗಿತು ಎಂಬುದನ್ನು ಅವು ಮಿದುಳಿಗೆ ತಿಳಿಸುತ್ತವೆ. ನಿಮ್ಮ ಮೊಬೈಲಿನಲ್ಲಿ, ಮದುವೆ ಮನೆಯ ಡ್ರೋನ್ ಕ್ಯಾಮೆರಾದಲ್ಲಿ ಇರುವ ಗೈರೊಸ್ಕೋಪ್ ಮಾಡುವುದೂ ಇದೇ ಕೆಲಸವನ್ನು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಕೀಟಗಳನ್ನು ನೋಡಿಯೇ ಸುಮಾರು 80 ಮಿಲಿಗ್ರಾಂ ತೂಕದ ಯಂತ್ರವನ್ನು ರೂಪಿಸಿ, 2013ರಲ್ಲಿ ಅದನ್ನು ಹತೋಟಿಯಲ್ಲಿ ಹಾರಿಸಿ ತೋರಿಸಿದರು.

ರಾತ್ರಿ ರೈಲು ಹತ್ತಿದರೆ ಸಾಕು

ಇದಕ್ಕೆಲ್ಲ ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಇದೆ. ಅದನ್ನು ಕಟ್ಟಿದ ಒಬೈದ್ ಸಿದ್ದಿಕಿ (1932–2013) ಹಣ್ಣಿನ ನೊಣದ ವಾಸನೆ, ರುಚಿಗಳ ಅಧ್ಯಯನಕ್ಕೇ ಹೆಸರಾದವರು. ನೊಣದ ರೆಕ್ಕೆ ಮತ್ತು ಹಾಲ್ಟಿಯರ್ ಹೇಗೆ ತಾಳ ತಪ್ಪದೆ ಬಡಿಯುತ್ತವೆ ಎಂಬುದನ್ನು ಅಲ್ಲಿನ ಸಂಜಯ್ ಸಾನೆ ಮತ್ತು ಅವರ ವಿದ್ಯಾರ್ಥಿಗಳು 2015ರಲ್ಲಿ ವಿವರಿಸಿದರು. ನರಕೋಶಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ‘ಮೂಸ್’ ಎಂಬ ಸಾಫ್ಟ್‌ವೇರ್ ರೂಪಿಸಿದ್ದು ಅಲ್ಲಿಯೇ, ಉಪಿಂದರ್ ಭಲ್ಲಾ ಅವರ ತಂಡ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನಕ್ಕೂ ರೋಬೋಟಿಕ್ಸ್‌ಗೂ ಪ್ರತ್ಯೇಕ ಪ್ರಯೋಗಾಲಯಗಳಿವೆ.

ಹಣದ ಲೆಕ್ಕ

ಎಂ.ಎಸ್ಸಿ. ಬಳಿಕ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಷಿಪ್ (ಜೆಆರ್‌ಎಫ್) ಪಡೆದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ ರೂ. 37,000, ಪ್ರಗತಿ ಪರಿಶೀಲನೆಯ ನಂತರ ರೂ. 42,000. ಒಟ್ಟು ಅವಧಿ 5 ವರ್ಷ. ಎಂಜಿನಿಯರಿಂಗ್ ಓದಿದವರಿಗೆ ಗೇಟ್ ಪರೀಕ್ಷೆಯ ದಾರಿ ಇದೆ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಷಿಪ್‌ನಲ್ಲಿ ಮೊತ್ತ ರೂ. 70,000ದಿಂದ 80,000ದವರೆಗೆ ಇರಿಸಲಾಯಿತು. ಅದಕ್ಕೆ ಪೈಪೋಟಿಯೂ ಹೆಚ್ಚು. ಬಿ.ಎಸ್ಸಿ. ಮುಗಿದ ಕೂಡಲೇ ಸೇರಬಹುದಾದ ಸಂಯುಕ್ತ ಪಿಎಚ್.ಡಿ. ಎರಡೂ ಸಂಸ್ಥೆಗಳಲ್ಲಿದೆ, ಅಲ್ಲಿಯೂ ಶಿಷ್ಯವೇತನ ಉಂಟು. ಪ್ರವೇಶ ಪರೀಕ್ಷೆಯ ಜತೆಗೆ ಸಂದರ್ಶನವನ್ನೂ ಎದುರಿಸಬೇಕು. ಜರ್ಮನಿಯಂಥ ದೇಶಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಯನ್ನು ಬಹುಮಟ್ಟಿಗೆ ನೌಕರನೆಂದೇ ನೇಮಿಸಿಕೊಂಡು ಸಂಬಳ ಕೊಡುತ್ತಾರೆ.

ಹಾಗೆಂದು ಇದು ಹೂವಿನ ಹಾಸಿಗೆಯಲ್ಲ. ಶುಲ್ಕ, ಹಾಸ್ಟೆಲ್, ಊಟ ಎಲ್ಲವೂ ಇದೇ ಹಣದಲ್ಲಿ ಆಗಬೇಕು. ಹಣ ಕೈಸೇರುವುದು ಕೆಲವೊಮ್ಮೆ ತಡವಾಗುತ್ತದೆ. ಪದವಿ ಸಿಕ್ಕ ಮಾತ್ರಕ್ಕೆ ಕಾಯಂ ನೌಕರಿ ಸಿಗುತ್ತದೆಂಬ ಖಾತರಿಯೂ ಇಲ್ಲ. ಇಷ್ಟನ್ನು ತಿಳಿದೇ ಹೊರಡಬೇಕು.

ವಿದ್ಯಾರ್ಥಿಗಳಿಗೆ ನನ್ನದೊಂದು ಕಿವಿಮಾತು: ಜೀವವಿಜ್ಞಾನ ಇಷ್ಟವೆಂದು ಗಣಿತ ಬಿಡಬೇಡಿ, ಗಣಿತ ಬಲ್ಲೆವೆಂದು ಜೀವವಿಜ್ಞಾನವನ್ನು ಕಡೆಗಣಿಸಬೇಡಿ. ಈ ವಿಷಯಕ್ಕೆ ಎರಡೂ ಬೇಕು. ಜತೆಗೆ ಒಂದು ಕಂಪ್ಯೂಟರ್ ಭಾಷೆ ಕಲಿಯಿರಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಷಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ಪ್ರಯೋಗಾಲಯದಲ್ಲಿ ಕಳೆದರೆ ಈ ದಾರಿ ನಿಮ್ಮದೋ ಅಲ್ಲವೋ ಗೊತ್ತಾಗುತ್ತದೆ.

ನಾನು ಮಾಡಿದ ತಪ್ಪು

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಮಲಾಪುರ ಕಡೆಯ ಹುಡುಗನೊಬ್ಬ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಹೋಗಲೇ ಎಂದು ಕೇಳಲು ನನ್ನ ಬಳಿ ಬಂದಿದ್ದ. ‘ಮನಿ ಮ್ಯಾಲ ಸಾಲ ಮಾಡಬ್ಯಾಡ, ಬಿ.ಇಡಿ. ಮಾಡು’ ಎಂದು ಬುದ್ಧಿ ಹೇಳಿ ಕಳಿಸಿದೆ. ಜೆಆರ್‌ಎಫ್ ಆಗಲೂ ಇತ್ತು, ನನಗೆ ಗೊತ್ತಿರಲಿಲ್ಲ. ಇಂದು ಅವನು ಒಳ್ಳೆಯ ಶಿಕ್ಷಕ. ಆದರೆ ಮೊನ್ನೆ ಸಿಕ್ಕಾಗ, ‘ಸರ್, ಅದಕ್ಕ ರೊಕ್ಕಾ ಅವರೇ ಕೊಡ್ತಿದ್ರಂತಲ್ರಿ?’ ಎಂದು ಮೆಲ್ಲಗೆ ಕೇಳಿದ. ನಾನು ತಲೆ ತಗ್ಗಿಸಿದೆ.

ಬಂಡಿಯ ಮುಂದೆ ನಿಂತಿದ್ದ ಆ ತಂದೆಗೂ ಈ ಕಥೆ ಹೇಳಿದೆ. ಅವರು ಜೇಬಿನಿಂದ ಚೀಟಿ ತೆಗೆದು, ‘ಆ ಪರೀಕ್ಷಾದ ಹೆಸರು ಬರದು ಕೊಡ್ರಿ’ ಎಂದರು. ಬರೆದುಕೊಟ್ಟೆ. ಪಾಲಕರೇ, ಮಗ ಅಥವಾ ಮಗಳು ಸಂಶೋಧನೆ ಎಂದಾಗ ‘ಬೇಡ’ ಎನ್ನುವ ಮೊದಲು ಒಮ್ಮೆ ವಿಚಾರಿಸಿ. ಮಾಹಿತಿ ಇಲ್ಲವೆಂಬ ಒಂದೇ ಕಾರಣಕ್ಕೆ ನಮ್ಮ ಭಾಗದ ಮಕ್ಕಳು ಹಿಂದೆ ಉಳಿಯಬಾರದು.