ಹುರುಳಿಕಟ್ಟಿನ ಪೂಟೀನ್: ಬಿಪಿ, ಕಿಡ್ನಿ, ಟಿಬಿ ಮಾತ್ರೆಗಳಿರುವ ಮನೆಗೆ

ಪೂಟೀನ್ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1950ರ ದಶಕದಲ್ಲಿ ಹುಟ್ಟಿದ ತಿಂಡಿ. ಬಿಸಿ ಆಲೂಗಡ್ಡೆ ಫ್ರೈ, ಮೇಲೆ ಹೊಸದಾಗಿ ಒಡೆದ ಚೀಸ್ ತುಂಡುಗಳು, ಅದರ ಮೇಲೆ ಕಂದು ಬಣ್ಣದ ಗ್ರೇವಿ. ಅಲ್ಲಿನ ಭಾರತೀಯ ಹೋಟೆಲುಗಳಲ್ಲಿ ಬಟರ್ ಚಿಕನ್ ಪೂಟೀನ್ ಕೂಡ ಸಿಗುತ್ತದೆ. ವಿಡಿಯೋ ನೋಡಿದ ಮಕ್ಕಳು ಮನೆಯಲ್ಲೂ ಮಾಡಿಕೊಡಿ ಎನ್ನುತ್ತಾರೆ. ಅದೇ ಊಟಕ್ಕೆ ಬಿಪಿ ಮಾತ್ರೆ ತೆಗೆದುಕೊಳ್ಳುವ ಅಜ್ಜನೂ ಕೂರುತ್ತಾರೆ. ಇಬ್ಬರಿಗೂ ಒಂದೇ ಪಾತ್ರೆಯಿಂದ ಬಡಿಸಬಹುದೇ? ಹೆಚ್ಚಿನ ಮನೆಗಳಲ್ಲಿ ಬಡಿಸಬಹುದು, ಗ್ರೇವಿಯನ್ನು ನೀವೇ ಮಾಡಿದರೆ.

ಏಕೆಂದರೆ ಎಲ್ಲರೂ ಆಲೂಗಡ್ಡೆಯನ್ನು ಬೈಯುತ್ತಾರೆ, ಆದರೆ ಉಪ್ಪು ಹೆಚ್ಚಾಗಿ ಇರುವುದು ಗ್ರೇವಿಯಲ್ಲಿ. ಪ್ಯಾಕೆಟ್ ಗ್ರೇವಿ ಪುಡಿ, ಸ್ಟಾಕ್ ಕ್ಯೂಬ್ ಎರಡರಲ್ಲೂ ಉಪ್ಪು ಹೆಚ್ಚು. ಲೇಬಲ್ ಮೇಲಿನ ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆ ಗ್ರೇವಿಯ ಜಾಗಕ್ಕೆ ನಮ್ಮ ಹುರುಳಿಕಟ್ಟು ಚೆನ್ನಾಗಿ ಹೊಂದುತ್ತದೆ: ಅದೇ ಕಂದು ಬಣ್ಣ, ಅದೇ ಗಾಢ ರುಚಿ. ಅಂಗಡಿಯಲ್ಲಿ ಹುರುಳಿ ಅಂದರೆ ತಿಳಿಯದಿದ್ದರೆ ಪುಣೆ, ಮುಂಬೈಯಲ್ಲಿ ಕುಳೀಥ್, ಚೆನ್ನೈನಲ್ಲಿ ಕೊಳ್ಳು, ಹೈದರಾಬಾದಿನಲ್ಲಿ ಉಲವಲು, ದೆಹಲಿಯಲ್ಲಿ ಕುಲ್ಥಿ ಎಂದು ಕೇಳಿ. ನಾಲ್ಕು ಜನಕ್ಕೆ ಅರ್ಧ ಕಪ್ ಹುರುಳಿಯನ್ನು ರಾತ್ರಿ ನೆನೆಸಿ, ಮೂರು ಕಪ್ ನೀರಿನಲ್ಲಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಕಟ್ಟು ಬಸಿದುಕೊಳ್ಳಿ. ಎರಡು ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಚೆನ್ನಾಗಿ ಕಂದಾಗುವವರೆಗೆ ಹುರಿಯಿರಿ. ಇಲ್ಲಿ ಅವಸರ ಬೇಡ, ರುಚಿಯೆಲ್ಲ ಇಲ್ಲೇ ಬರುವುದು. ಬೆಳ್ಳುಳ್ಳಿ, ಜೀರಿಗೆ, ಮೆಣಸಿನಪುಡಿಯ ಬದಲು ಕಾಳುಮೆಣಸು ಹಾಕಿ, ಕಟ್ಟು ಸುರಿದು ಕುದಿಸಿ. ಒಂದು ದೊಡ್ಡ ಚಮಚ ಅಕ್ಕಿಹಿಟ್ಟನ್ನು ನೀರಿನಲ್ಲಿ ಕದಡಿ ಸೇರಿಸಿದರೆ ಗಟ್ಟಿಯಾಗುತ್ತದೆ. ಒಲೆ ಆರಿಸಿದ ಮೇಲೆ ಅರ್ಧ ಟೀ ಚಮಚ ಉಪ್ಪು, ಸ್ವಲ್ಪ ನಿಂಬೆರಸ. ಹುಳಿ ಇದ್ದರೆ ಕಡಿಮೆ ಉಪ್ಪು ಕೂಡ ಸಪ್ಪೆ ಅನಿಸುವುದಿಲ್ಲ.

ಉಪ್ಪು ಕಡಿಮೆ ಮಾಡಲು 'ಲೋ ಸೋಡಿಯಂ' ಉಪ್ಪಿನ ಪ್ಯಾಕೆಟ್ ತರಬೇಕೆಂದಿದ್ದರೆ ಮೊದಲು ಮನೆಯವರ ಮಾತ್ರೆಗಳ ಹೆಸರು ನೋಡಿ. ಅದರಲ್ಲಿ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವೆಲ್ಲ ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುವ ಔಷಧಿಗಳು. ಕಿಡ್ನಿ ದುರ್ಬಲವಾಗಿದ್ದರೆ ಅದು ಹೊರಗೆ ಹೋಗುವುದೂ ಕಡಿಮೆ. ರಕ್ತದಲ್ಲಿ ಪೊಟ್ಯಾಸಿಯಂ ಅತಿಯಾದರೆ ಎಷ್ಟೋ ಸಲ ಯಾವ ಲಕ್ಷಣವೂ ಕಾಣುವುದಿಲ್ಲ, ನೇರವಾಗಿ ಹೃದಯದ ಬಡಿತವೇ ಏರುಪೇರಾಗುತ್ತದೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪನ್ನು ವಯಸ್ಕರಿಗೆ ಸೂಚಿಸಿತು, ಆದರೆ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಮಕ್ಕಳನ್ನು ಹೊರಗಿಟ್ಟಿತು. ಈ ಮಾತ್ರೆಗಳಿದ್ದರೆ ವೈದ್ಯರನ್ನು ಕೇಳದೆ ಆ ಪ್ಯಾಕೆಟ್ ಒಡೆಯಬೇಡಿ. ಸಾಮಾನ್ಯ ಉಪ್ಪನ್ನೇ ಕಡಿಮೆ ಹಾಕುವುದು ಸುರಕ್ಷಿತ.

ಆಲೂಗಡ್ಡೆಯನ್ನು ಬೆರಳುದ್ದ ಕತ್ತರಿಸಿ, ಅರೆಬೇಯಿಸಿ, ಎರಡು ಚಮಚ ಎಣ್ಣೆ ಸವರಿ ಓವನ್ನಿನಲ್ಲೋ ಏರ್ ಫ್ರೈಯರಿನಲ್ಲೋ ಗರಿಗರಿ ಮಾಡಿ. ಕಿಡ್ನಿ ರೋಗಿಗೆ ಪೊಟ್ಯಾಸಿಯಂ ಮಿತಿ ಹೇಳಿದ್ದರೆ ದಾರಿ ಬೇರೆ. ಸಣ್ಣ ಚೌಕ ಹೋಳು ಮಾಡಿ, ಧಾರಾಳ ನೀರಿನಲ್ಲಿ ಪೂರ್ತಿ ಬೇಯಿಸಿ, ಆ ನೀರು ಚೆಲ್ಲಿ. ಪೊಟ್ಯಾಸಿಯಂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬರೀ ನೀರಿನಲ್ಲಿ ನೆನೆಸಿಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಆಕಾರ ಕೆಟ್ಟರೆ ಕೆಡಲಿ. ಹಾಗೆಯೇ ಹುರುಳಿಕಟ್ಟು ಎಂದರೆ ಕಾಳಿನ ಪೊಟ್ಯಾಸಿಯಂ ಇಳಿದ ನೀರೇ, ಆದ್ದರಿಂದ ಅವರ ತಟ್ಟೆಗೆ ಅದು ಬೇಡ. ಹುರಿದ ಈರುಳ್ಳಿಗೆ ನೀರು, ಕಾಳುಮೆಣಸು, ಅಕ್ಕಿಹಿಟ್ಟು ಸೇರಿಸಿ ಪುಟ್ಟ ಬಾಣಲೆಯಲ್ಲಿ ಬೇರೆ ಗ್ರೇವಿ ಮಾಡಿ. ಎಷ್ಟು ತಿನ್ನಬಹುದೆಂದು ಡಯಟಿಷಿಯನ್ ಹೇಳಲಿ.

ಚೀಸ್ ಬದಲು ಪನೀರ್. ಒಂದು ಲೀಟರ್ ಹಾಲನ್ನು ನಿಂಬೆರಸದಿಂದ ಒಡೆಸಿದರೆ ನಾಲ್ಕು ಜನಕ್ಕೆ ಸಾಕು, ಉಪ್ಪಿನ ಸೇರ್ಪಡೆಯೇ ಇಲ್ಲ. ಕ್ವಿಬೆಕ್‌ನ ಚೀಸ್ ತಾಜಾ ಇದ್ದಾಗ ಹಲ್ಲಿಗೆ ಸಿಕ್ಕಿ ಕಿಚಕಿಚ ಸದ್ದು ಮಾಡುತ್ತದೆ. ಪನೀರಿನಿಂದ ಅದನ್ನು ನಿರೀಕ್ಷಿಸಬೇಡಿ. ಟಿಬಿಗೆ ಐಸೊನಿಯಾಜಿಡ್ ಅಥವಾ ಲಿನೆಜೋಲಿಡ್ ತೆಗೆದುಕೊಳ್ಳುವವರಿಗೆ ತಾಜಾತನ ಇನ್ನೂ ಮುಖ್ಯ. ತಿಂಗಳುಗಟ್ಟಲೆ ಹಳೆಯದಾಗಿಸಿದ ಚೆಡ್ಡಾರ್, ಪಾರ್ಮೆಸಾನ್‌ಗಳಲ್ಲಿರುವ ಟೈರಮೈನ್ ಈ ಔಷಧಿಗಳ ಜೊತೆ ಸೇರಿದರೆ ಮುಖ ಕೆಂಪೇರುವುದು, ತಲೆನೋವು, ಎದೆಬಡಿತ ಜೋರಾಗುವುದು, ಬಿಪಿ ಏರುವುದು ಆಗಬಹುದು. ಅಂದೇ ಮಾಡಿದ ಪನೀರಿನಲ್ಲಿ ಅದು ಬಹಳ ಕಡಿಮೆ. ಹಾಗೇನಾದರೂ ಆದರೆ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಊಟಕ್ಕೆ ಮುಂಚೆ ಇನ್ಸುಲಿನ್ ಹಾಕಿಕೊಳ್ಳುವವರಿಗೆ ಒಂದು ಮಾತು: ಜಿಡ್ಡಿರುವ ಊಟದಲ್ಲಿ ಸಕ್ಕರೆ ತಡವಾಗಿ, ಮೂರು ನಾಲ್ಕು ಗಂಟೆಯ ನಂತರ ಏರಬಹುದು. ಪೂಟೀನ್ ತಿಂದ ದಿನ ಅನ್ನ, ಚಪಾತಿ ಬಿಟ್ಟು ಇದನ್ನೇ ಊಟವೆಂದು ಲೆಕ್ಕ ಹಾಕಿ, ಮಲಗುವ ಮುನ್ನ ಒಮ್ಮೆ ಪರೀಕ್ಷಿಸಿ. ಅಂಕಿ ಜಾಸ್ತಿ ಕಂಡರೆ ಹೆಚ್ಚುವರಿ ಡೋಸ್ ಅಂದಾಜಿನಲ್ಲಿ ಹಾಕಿಕೊಳ್ಳಬೇಡಿ, ವೈದ್ಯರು ಕೊಟ್ಟಿರುವ ಸೂಚನೆಯಂತೆಯೇ ನಡೆಯಿರಿ, ಆ ರೀಡಿಂಗ್ ಬರೆದಿಟ್ಟು ಮುಂದಿನ ಭೇಟಿಯಲ್ಲಿ ತೋರಿಸಿ.